ಅಂಗಿ ತೋಳಿನೊಳಗಿನ ಹಚ್ಚೆ

ಸೇನೆಗೆ ಸೇರಬೇಕು ಅಂತ ಬೆಳಗ್ಗೆ ನಾಲ್ಕಕ್ಕೆ ಎದ್ದು ಓಡುತ್ತಿರುವ ಹುಡುಗರಿಗೆ ಇದನ್ನು ಬರೆಯುತ್ತಿದ್ದೇನೆ. ಊರ ಜಾತ್ರೆಗೆ ಹೋಗುವ ಮೊದಲು ಓದಿದರೆ ಇನ್ನೂ ಒಳ್ಳೆಯದು.

ಪಿಯುಸಿ ಮುಗಿದ ವರ್ಷ ಜಾತ್ರೆಯಲ್ಲಿ ಮಷಿನ್ ಇಟ್ಟುಕೊಂಡು ಕೂತವನ ಹತ್ತಿರ ಬಲಗೈ ರಟ್ಟೆ ಮೇಲೆ 'ಅವ್ವ' ಅಂತ ಹಾಕಿಸಿಕೊಂಡೆ. ಇನ್ನೂರು ರೂಪಾಯಿ. ಮುಂಗೈ ಮೇಲಿದ್ದರೆ ಅಪ್ಪ ಬೈತಾನೆ, ನಾಳೆ ಮಿಲಿಟರಿಯವರೂ ನೋಡ್ತಾರೆ, ಅಂಗಿ ತೋಳಿನೊಳಗಿದ್ದರೆ ಯಾರಿಗೆ ಕಾಣುತ್ತೆ? ಇದು ನನ್ನ ಲೆಕ್ಕ.

ಲೆಕ್ಕ ಪೂರ್ತಿ ಉಲ್ಟಾ. ಸೇನೆ ಭರ್ತಿಯಲ್ಲಿ ಹಚ್ಚೆಗೆ ಇರುವುದು ಎರಡೇ ಜಾಗ. ಮೊಣಕೈಯಿಂದ ಮಣಿಕಟ್ಟಿನ ತನಕ ಕೈಯ ಒಳಮೈ, ಇಲ್ಲವೇ ಅಂಗೈಯ ಹಿಂಬದಿ. ಬೇರೆಲ್ಲಿದ್ದರೂ ಇಲ್ಲ. ಕಣ್ಣಿಗೆ ಬೀಳುವ ಜಾಗ ನಡೆಯುತ್ತೆ, ಬಟ್ಟೆ ಮುಚ್ಚುವ ಜಾಗ ನಡೆಯಲ್ಲ. ವಿಚಿತ್ರ ಅಲ್ವಾ? ಮೆಡಿಕಲ್‌ನಲ್ಲಿ ಬರೀ ಚಡ್ಡಿ ಮೇಲೆ ನಿಲ್ಲಿಸುತ್ತಾರೆ, ಅಲ್ಲಿ ಅಂಗಿ ಎಲ್ಲಿಂದ ಬರಬೇಕು!

2023ರಲ್ಲಿ ಸೇನೆಯ ಅಗ್ನಿವೀರ್ ಭರ್ತಿಯ ಲಿಖಿತ ಪರೀಕ್ಷೆ ಪಾಸಾದೆ. ರ‍್ಯಾಲಿಯಲ್ಲಿ 1.6 ಕಿ.ಮೀ. ಓಟ ಐದೂವರೆ ನಿಮಿಷದೊಳಗೆ ಮುಗಿಸಿ 60ಕ್ಕೆ 60 ತಗೊಂಡೆ. ಬೀಮ್ (ಸರಳಿಗೆ ಜೋತುಬಿದ್ದು ಮೈ ಮೇಲೆತ್ತುವುದು) 10 ಹೊಡೆದು 40ಕ್ಕೆ 40. ಆಮೇಲೆ ಒಬ್ಬರು ನನ್ನ ರಟ್ಟೆ ಹಿಡಿದು ತಿರುಗಿಸಿ 'ಯೇ ಕ್ಯಾ ಹೈ?' ಅಂದರು. 'ಮಾ' ಅಂದೆ. ಅವರು ಬೈಯಲಿಲ್ಲ, ನಗಲೂ ಇಲ್ಲ. ಸುಮ್ನೆ ಹಾಳೆಯಲ್ಲಿ ಏನೋ ಬರೆದು ಪಕ್ಕಕ್ಕೆ ನಿಲ್ಲಿಸಿದರು. ಒಂದೂವರೆ ವರ್ಷದ ಓಟ ಅಲ್ಲಿಗೆ ಮುಗಿಯಿತು.

ನಮ್ಮಜ್ಜಿಯ ಎರಡೂ ಕೈ ತುಂಬಾ ಹಚ್ಚೆ ಇತ್ತು, ನಮ್ಮ ಕಡೆ ಅದು ಒಡವೆ ಇದ್ದಂತೆ. ಆದರೆ ಸಂಪ್ರದಾಯದ ವಿನಾಯಿತಿ ಇರುವುದು ಬುಡಕಟ್ಟಿನವರಿಗೆ ಮಾತ್ರ, ಅದೂ ಒಬ್ಬೊಬ್ಬರದನ್ನು ಪರಿಶೀಲಿಸಿ. ಅಜ್ಜಿ ಕಥೆ ಹೇಳಿದರೆ ಅಲ್ಲಿ ಕೇಳುವವರಿಲ್ಲ.

ಬಿಎಸ್‌ಎಫ್, ಸಿಆರ್‌ಪಿಎಫ್ ಅಂಥ ಅರೆಸೇನಾ ಪಡೆ ನೋಡೋಣ ಅಂದುಕೊಂಡೆ. ಅಲ್ಲಿ ಮುಂಗೈ ಒಳಭಾಗ ಅಂದರೂ ಎಡಗೈ ಮಾತ್ರ, ಯಾಕೆಂದರೆ ಬಲಗೈ ಸೆಲ್ಯೂಟ್ ಹೊಡೆಯುವ ಕೈ. ಹೆಸರು, ದೇವರ ಗುರುತು ಆಗುತ್ತೆ, ಆದರೆ ಆ ಭಾಗದ ಕಾಲು ಪಾಲಿಗಿಂತ ಚಿಕ್ಕದಿರಬೇಕು. ಹಾಗಾಗಿ 'ಅವನಿಗೆ ಆಯ್ತು, ನಂಗೂ ಆಗುತ್ತೆ' ಅನ್ನುವ ಮಾತು ನಂಬಬೇಡಿ. ಅವನು ಯಾವ ಪಡೆಗೆ ಹೋದ, ಯಾವ ಕೈ ತೋರಿಸಿದ ಅಂತ ಕೇಳಿ. ನೀವು ಅರ್ಜಿ ಹಾಕುವ ವರ್ಷದ ಅಧಿಸೂಚನೆಯನ್ನೇ ತೆಗೆದು ಓದಿ.

ಲೇಸರ್‌ಗೂ ಹೋಗಿದ್ದೆ. ಒಂದು ಸಲಕ್ಕೆ ಹೋಗಲ್ಲ, ವಾರಗಟ್ಟಲೆ ಬಿಟ್ಟು ಬಿಟ್ಟು ಹಲವು ಸಲ ಮಾಡಿಸಬೇಕು. ಕಪ್ಪು ಬೇಗ ಮಾಸುತ್ತೆ, ಹಸಿರು ಹಟ ಮಾಡುತ್ತೆ. ನನ್ನದು ಹಸಿರು. ಮಾಸುವಷ್ಟರಲ್ಲಿ ಸೇನೆ ಭರ್ತಿಗೆ ಆಗ ಇದ್ದ ವಯಸ್ಸಿನ ಮಿತಿ 21 ದಾಟಿತ್ತು. ಗೆಳೆಯನೊಬ್ಬ ಆಸಿಡ್ ಹಚ್ಚಿ ಸುಟ್ಟುಕೊಂಡ. ಹಚ್ಚೆ ಜಾಗದಲ್ಲಿ ಈಗ ಉಬ್ಬಿದ ಗಾಯದ ಗುರುತಿದೆ.

ಅವ್ವನಿಗೆ ಮಾತ್ರ ನಿಜವಾದ ಕಾರಣ ಹೇಳಿಲ್ಲ. ಎದೆಯಳತೆ ಕಮ್ಮಿ ಬಂತು ಅಂದಿದ್ದೇನೆ.