ಅಪ್‌ವರ್ಕ್: ಗಂಟೆ ಲೆಕ್ಕವೋ, ಒಟ್ಟು ರೇಟೋ? ಬೆಳಗಾವಿಯ ಒಬ್ಬ ಕ್ಯಾಡ್ ಡ್ರಾಫ್ಟ್ಸ್‌ಮನ್ ಅನುಭವ

ಬೆಳಗಾವಿಯ ಉದ್ಯಮಬಾಗ್‌ನ ಫೌಂಡ್ರಿಗಳಿಗೆ (ಲೋಹ ಎರಕ ಹೊಯ್ಯುವ ಕಾರ್ಖಾನೆಗಳಿಗೆ) ಕಂಪ್ಯೂಟರಿನಲ್ಲಿ, ಅಂದರೆ ಕ್ಯಾಡ್‌ನಲ್ಲಿ, ಡ್ರಾಯಿಂಗ್ ಮಾಡಿಕೊಡುತ್ತಿದ್ದವನು ನಾನು. ಈಗ ಕೆಲವು ವರ್ಷಗಳಿಂದ ಅದೇ ಕೆಲಸವನ್ನು ಅಪ್‌ವರ್ಕ್ ಎನ್ನುವ ಆನ್‌ಲೈನ್ ಫ್ರೀಲಾನ್ಸ್ ತಾಣದ ಮೂಲಕ ಹೊರದೇಶದವರಿಗೆ ಮಾಡುತ್ತಿದ್ದೇನೆ. ದುಡ್ಡು ಬರುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಬರುತ್ತೆ. ಆದರೆ ಕೆಲಸವನ್ನು ಗಂಟೆ ಲೆಕ್ಕದಲ್ಲಿ ಹಿಡಿಯಬೇಕಾ, ಇಡೀ ಕೆಲಸಕ್ಕೆ ಇಷ್ಟು ಅಂತ ಒಟ್ಟು ರೇಟಿಗೆ ಹಿಡಿಯಬೇಕಾ ಅನ್ನುವುದನ್ನು ಮೊದಲು ಯೋಚಿಸಿ.

ಗಂಟೆ ಲೆಕ್ಕದ ಕೆಲಸಕ್ಕೆ ಕಂಪ್ಯೂಟರಿನಲ್ಲಿ ಅಪ್‌ವರ್ಕ್‌ನ ಟ್ರ್ಯಾಕರ್ (ಕೆಲಸದ ಹೊತ್ತು ದಾಖಲಿಸುವ ಆ್ಯಪ್) ಆನ್ ಇರಬೇಕು. ಪ್ರತಿ ಹತ್ತು ನಿಮಿಷದಲ್ಲಿ ಯಾವಾಗಲೋ ಒಮ್ಮೆ ಅದು ಸ್ಕ್ರೀನ್‌ಶಾಟ್ ತೆಗೆಯುತ್ತದೆ. ಕೀ ಎಷ್ಟು ಸಲ ಒತ್ತಿದಿರಿ, ಮೌಸ್ ಎಷ್ಟು ಸಲ ಕ್ಲಿಕ್ ಆಯ್ತು ಅಂತ ಎಣಿಸುತ್ತದೆ. ಬೇಡದ ಸ್ಕ್ರೀನ್‌ಶಾಟ್ ಅಳಿಸಬಹುದು, ಆದರೆ ಆ ಹತ್ತು ನಿಮಿಷದ ದುಡ್ಡೂ ಹೋಗುತ್ತದೆ. ಈ ದಾಖಲೆ ಇದ್ದರೇ ದುಡ್ಡಿಗೆ ರಕ್ಷಣೆ. ನಾವೇ ಕೈಯಾರೆ ಸೇರಿಸಿದ ಗಂಟೆಗಳಿಗೆ ಅದು ಸಿಗುವುದಿಲ್ಲ.

ಡೇಟಾ ಎಂಟ್ರಿ ಮಾಡುವವರಿಗೆ ಇದು ಸರಿ. ನನ್ನ ಕೆಲಸ ಬೇರೆ. ಎರಕ ಹೊಯ್ಯಬೇಕಾದ ಒಂದು ಪಂಪ್ ಹೌಸಿಂಗ್ (ಪಂಪಿನ ಹೊರಕವಚ) ಬಂತು ಅಂದುಕೊಳ್ಳಿ. ಅಚ್ಚಿನ ಎರಡು ಭಾಗ ಸೇರುವ ಪಾರ್ಟಿಂಗ್ ಲೈನ್ ಎಲ್ಲಿ ಬರಬೇಕು? ಮರಳಿನಿಂದ ಪ್ಯಾಟರ್ನ್ (ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ) ಸಲೀಸಾಗಿ ಎದ್ದು ಬರಲು ಗೋಡೆಗೆ ಎಷ್ಟು ಓರೆ ಕೊಡಬೇಕು? ಒಳಗೆ ಟೊಳ್ಳು ಮೂಡಿಸಲು ಇಡುವ ಕೋರ್ ಎಲ್ಲಿ ಕೂರಬೇಕು? ಕರಗಿಸಿ ಹೊಯ್ದ ಬೀಡು ಕಬ್ಬಿಣ ಆರುವಾಗ ಎಷ್ಟು ಕುಗ್ಗುತ್ತದೆ? ಇದೆಲ್ಲ ನಾನು ಹಾಳೆಯ ಮೇಲೆ ಪೆನ್ಸಿಲ್ ಹಿಡಿದೇ ಯೋಚಿಸುವುದು. ಆಗ ಮೌಸ್ ಅಲುಗಾಡುವುದೇ ಇಲ್ಲ. ಟ್ರ್ಯಾಕರ್ ಲೆಕ್ಕದಲ್ಲಿ ನಾನು ಸುಮ್ನೆ ಕೂತಿದ್ದೇನೆ. ಆಮೇಲೆ ಮಾಡೆಲ್ ಮಾಡುವುದು ಕೈಗೆ ರೂಢಿಯಾದ ಕೆಲಸ, ಕ್ಲಿಕ್ ಜಾಸ್ತಿ. ಕ್ಲಿಕ್ ಎಣಿಸಿ ಕೆಲಸ ಅಳೆಯುವುದು ನಮ್ಮಂಥವರಿಗೆ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಒಬ್ಬ ಗಿರಾಕಿ ಒಂದು ಖಾಲಿ ಅರ್ಧ ಗಂಟೆ ತೋರಿಸಿ ಏನು ಮಾಡಿದಿರಿ ಅಂತ ಕೇಳಿದರು. ಪೆನ್ಸಿಲ್ ಹಾಳೆಯ ಫೋಟೊ ತೆಗೆದು ಕಳಿಸಿದೆ. ಕೋರ್ ಪ್ರಿಂಟ್ (ಕೋರ್ ಕೂರುವ ಜಾಗ) ಗುರುತುಗಳನ್ನು ನೋಡಿ ಒಪ್ಪಿಕೊಂಡರು. ಮುಂದಿನ ಕೆಲಸಗಳನ್ನು ಒಟ್ಟು ರೇಟಿಗೇ ಕೊಟ್ಟರು. ಒಟ್ಟು ರೇಟಿನ ಕೆಲಸದಲ್ಲಿ ಗಿರಾಕಿ ಹಣವನ್ನು ಮೊದಲೇ ಎಸ್ಕ್ರೋದಲ್ಲಿ (ನಡುವಿನ ಠೇವಣಿ ಖಾತೆಯಲ್ಲಿ) ಇಡುತ್ತಾರೆ. ಕೆಲಸ ಒಪ್ಪಿಸಿದ ಮೇಲೆ 14 ದಿನ ಅವರು ಏನೂ ಹೇಳದಿದ್ದರೆ ಹಣ ತಾನಾಗಿಯೇ ಬಿಡುಗಡೆಯಾಗುತ್ತದೆ. ನಾನು ಸ್ಕೆಚ್, ಮಾಡೆಲ್, ಡ್ರಾಯಿಂಗ್ ಅಂತ ಮೂರು ಹಂತ ಮಾಡಿಕೊಳ್ಳುತ್ತೇನೆ. ಸ್ಕೆಚ್‌ಗೇ ಜಾಸ್ತಿ ದುಡ್ಡು ಇಡಿ. ತಲೆ ಓಡಿಸಬೇಕಾದ್ದು ಅಲ್ಲೇ ಅಲ್ವಾ? ನಡುವೆ ಕರೆಂಟ್ ಹೋದರೂ ಚಿಂತೆಯಿಲ್ಲ, ಪೆನ್ಸಿಲ್ ಕೆಲಸ ನಡೆಯುತ್ತದೆ.

ನಮ್ಮ ದುಡ್ಡಿನಲ್ಲಿ ಅಪ್‌ವರ್ಕ್ ಹಿಡಿಯುವ ಕಮಿಷನ್ 2023ರಲ್ಲಿ ಎಲ್ಲರಿಗೂ 10% ಆಯ್ತು. 2025ರ ಮೇ ತಿಂಗಳಿಂದ ಹೊಸ ಕಾಂಟ್ರಾಕ್ಟ್‌ಗಳಿಗೆ 0ರಿಂದ 15%ವರೆಗೆ ಬದಲಾಗುತ್ತದೆ. ರೇಟ್ ಹೇಳುವ ಮುಂಚೆ ಅದನ್ನು ನೋಡಿಕೊಳ್ಳಿ. ಪ್ರಪೋಸಲ್ (ಕೆಲಸ ಕೇಳಿ ಹಾಕುವ ಅರ್ಜಿ) ಕಳಿಸಲು ಬೇಕಾದ ಕನೆಕ್ಟ್ಸ್ ಎನ್ನುವ ಟೋಕನ್‌ಗಳಿಗೂ ದುಡ್ಡು ಕೊಡಬೇಕು. ಕೆಲಸ ಹುಡುಕುವ, ಪ್ರಪೋಸಲ್ ಬರೆಯುವ ಹೊತ್ತಿಗೆ ಯಾರೂ ಕೂಲಿ ಕೊಡುವುದಿಲ್ಲ. ಅದನ್ನೂ ರೇಟಿನಲ್ಲಿ ಸೇರಿಸಲೇಬೇಕು. ಹತ್ತು ಕಡೆ ಅರ್ಜಿ ಹಾಕುವುದಕ್ಕಿಂತ ಹಳೇ ಗಿರಾಕಿಯನ್ನು ಉಳಿಸಿಕೊಳ್ಳುವುದು ಲಾಭ.

ಹಳೇ ಕಾಗದದ ಡ್ರಾಯಿಂಗ್‌ಗಳನ್ನು ಕ್ಯಾಡ್‌ಗೆ ಏರಿಸುವ ಕೆಲಸವನ್ನು ಮಾತ್ರ ಈಗಲೂ ಗಂಟೆ ಲೆಕ್ಕದಲ್ಲೇ ಮಾಡುತ್ತೇನೆ. ಅದಕ್ಕೆ ಟ್ರ್ಯಾಕರ್ ಚೆನ್ನಾಗಿ ಹೊಂದುತ್ತದೆ. ಗಂಟೆ ಲೆಕ್ಕದ ವಾರ ನಮ್ಮ ಸೋಮವಾರ ಬೆಳಿಗ್ಗೆ 5.30ಕ್ಕೆ ಮುಗಿಯುತ್ತದೆ, ದುಡ್ಡು ಕೈಗೆ ಬರಲು ಇನ್ನೂ 10 ದಿನ ಬೇಕು. ಮನೆ ಬಾಡಿಗೆ ಕಟ್ಟುವ ತಾರೀಖು ನೋಡಿಕೊಂಡು ಕೆಲಸ ಹಿಡಿಯಿರಿ.