ಲಾರಿ ಬ್ಯಾಟರಿಗಳ ಸಾಲಿನಲ್ಲಿ ಕಾರಿನ ಎಜಿಎಂ ಬ್ಯಾಟರಿ ಚಾರ್ಜಿಗೆ ಹಚ್ಚಿಸಬೇಡಿ

ಹುಬ್ಬಳ್ಳಿಯ ಒಂದು ಕಾರಿನ ಕಥೆ ಇದು. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ತಾನೇ ಬಂದ್ ಆಗಿ, ಕ್ಲಚ್ ಒತ್ತಿದರೆ ಮತ್ತೆ ಚಾಲೂ ಆಗುವ ಸ್ಟಾರ್ಟ್-ಸ್ಟಾಪ್ ಗಾಡಿ. ಒಳಗೆ 60 ಆಂಪಿಯರ್-ಅವರ್ ಸಾಮರ್ಥ್ಯದ ಎಜಿಎಂ ಬ್ಯಾಟರಿ, ಅಂದರೆ ನೀರು ಹಾಕಲು ಬರದ, ಪೂರ್ತಿ ಮುಚ್ಚಿದ ಜಾತಿಯದು. ಸೂಟಿಯಲ್ಲಿ ಮೂರು ವಾರ ನಿಂತ ಗಾಡಿಗೆ ಸೆಲ್ಫ್ ಹೊಡೆದರೆ ಬರೀ ಟಕಟಕ, ಮೀಟರ್‌ನಲ್ಲಿ 11.7 ವೋಲ್ಟ್. ಚಾರ್ಜಿಂಗ್ ಅಂಗಡಿಗೆ ಒಯ್ದರೆ "ಇಟ್ಟು ಹೋಗ್ರಿ ಅಣ್ಣಾರ, ರಾತ್ರಿ ಹಚ್ಚತೀವಿ, ಮುಂಜಾನೆ ಬರ್ರಿ" ಎಂದರು. ಮುಂಜಾನೆ ಗಾಡಿ ಚಾಲೂ ಆಯಿತು. ಡಬ್ಬಿಯ ಬದಿಗಳು ಸಣ್ಣಗೆ ಹೊಟ್ಟೆ ಬಿಟ್ಟಿದ್ದನ್ನು ಯಾರೂ ಗಮನಿಸಲಿಲ್ಲ. ತಿಂಗಳೊಳಗೆ ಬ್ಯಾಟರಿ ಸತ್ತಿತು. ಉಬ್ಬಿದ ಡಬ್ಬಿ ಕಂಡದ್ದೇ ವಾರಂಟಿಯೂ ಹೋಯಿತು.

ಆ ರಾತ್ರಿ ನಡೆದದ್ದು ಇಷ್ಟು. ಇಂಥ ಅಂಗಡಿಗಳಲ್ಲಿ ಲಾರಿ, ಟ್ರ್ಯಾಕ್ಟರ್, ಇನ್ವರ್ಟರ್ ಬ್ಯಾಟರಿಗಳನ್ನೆಲ್ಲ ಒಂದರ ಪ್ಲಸ್ ಮುಂದಿನದರ ಮೈನಸ್‌ಗೆ ಕಟ್ಟಿ ಸಾಲಾಗಿ ಹಚ್ಚುತ್ತಾರೆ. ಹಳೆಯ ಚಾರ್ಜರ್ ನೋಡುವುದು ಕರೆಂಟನ್ನು ಮಾತ್ರ. 10 ಆಂಪಿಯರ್ ಇಟ್ಟರೆ ಸಾಲಿನ ಎಲ್ಲದರೊಳಗೂ ಅದೇ 10 ಆಂಪಿಯರ್. ಸಾಲಿನಲ್ಲಿ 150ರ ಲಾರಿ ಬ್ಯಾಟರಿ ಅರ್ಧ ತುಂಬುವ ಮೊದಲೇ ನಮ್ಮ 60ರದ್ದು ತುಂಬಿರುತ್ತದೆ. ಆದರೂ ಅದನ್ನು ಸಾಲಿನಿಂದ ಬಿಚ್ಚುವವರು ಯಾರೂ ಇರುವುದಿಲ್ಲ, ವೋಲ್ಟೇಜ್ 16ರ ಹತ್ತಿರ ಏರುತ್ತದೆ. ಹನ್ನೆರಡು ತಾಸಿಗೆ 120 ಆಂಪಿಯರ್-ಅವರ್ ಹರಿಯಿತು ಅನ್ನಿ. 65ರಷ್ಟು ತುಂಬುವುದಕ್ಕೆ ಹೋದರೆ ಉಳಿದ 55 ನೀರು ಒಡೆಯುವುದಕ್ಕೆ. ಒಂದು ಆಂಪಿಯರ್-ಅವರ್‌ಗೆ ಪ್ರತಿ ಸೆಲ್‌ನಲ್ಲಿ ಸುಮಾರು 0.34 ಗ್ರಾಂ ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಆಗುತ್ತದೆ. ಎಜಿಎಂ ಒಳಗೆ ಸ್ವಲ್ಪ ಗಾಳಿ ಮರಳಿ ನೀರಾಗುವುದುಂಟು, ಆದರೆ ಈ ರಭಸಕ್ಕೆ ಅದು ಸಾಲದು. ಉಳಿದದ್ದು ವಾಲ್ವ್ ಎತ್ತಿಕೊಂಡು ಹೊರಗೆ ಹೋಗುತ್ತದೆ. ಎಜಿಎಂನಲ್ಲಿ ಆಸಿಡ್ ಇರುವುದು ಗಾಜಿನ ನಾರಿನ ಚಾಪೆಯಲ್ಲಿ ಹೀರಿಕೊಂಡು. ಅದು ಒಣಗಿದರೆ ಮತ್ತೆ ನೀರು ಹಾಕಲು ಬೂಚು ಇಲ್ಲ.

ಅಂಗಡಿಯವರದು ಮೋಸವಲ್ಲ, ಹಳೆಯ ಪದ್ಧತಿ. ಬೂಚು ತೆಗೆದು ಡಿಸ್ಟಿಲ್ಡ್ ವಾಟರ್ ಹಾಕುವ ಬ್ಯಾಟರಿಗೆ ಅದು ನಡೆದುಹೋಗುತ್ತದೆ. (ಅದಕ್ಕೂ ಡಿಸ್ಟಿಲ್ಡ್ ವಾಟರೇ ಬೇಕು. ಬೋರ್‌ವೆಲ್‌ನ ಸವಳು ನೀರು ಹಾಕಿದರೆ ಪ್ಲೇಟು ಕೆಡುತ್ತದೆ.)

ನಿಮ್ಮದು ಯಾವ ಜಾತಿಯದು ಅನ್ನುವುದನ್ನು ಬೂಚು ನೋಡಿ ನಿರ್ಧರಿಸಬೇಡಿ. ಮೇಂಟೆನನ್ಸ್ ಫ್ರೀ ಬ್ಯಾಟರಿಗೂ ಬೂಚು ಕಾಣುವುದಿಲ್ಲ, ಆದರೆ ಒಳಗೆ ದ್ರವ ಆಸಿಡ್ಡೇ ಇರುತ್ತದೆ. ಲೇಬಲ್ ಮೇಲೆ ಎಜಿಎಂ, ಇಎಫ್‌ಬಿ (ಸ್ಟಾರ್ಟ್-ಸ್ಟಾಪ್ ಗಾಡಿಗೆಂದು ಗಟ್ಟಿ ಮಾಡಿದ ದ್ರವದ ಬ್ಯಾಟರಿ) ಅಥವಾ ವಿಆರ್‌ಎಲ್‌ಎ (ಎಜಿಎಂ, ಜೆಲ್‌ನಂಥ ವಾಲ್ವ್ ಇರುವ ಮುಚ್ಚಿದ ಬ್ಯಾಟರಿ) ಎಂದಿದೆಯೇ ಓದಿ. ಹಸಿರು-ಕಪ್ಪು ತೋರಿಸುವ ಗುಂಡು ಕಣ್ಣಿದ್ದರೆ ಅದು ದ್ರವದ ಬ್ಯಾಟರಿ. ಆ ಕಣ್ಣು ಹೇಳುವುದು ಆರು ಸೆಲ್‌ಗಳಲ್ಲಿ ಒಂದರ ಸುದ್ದಿ ಮಾತ್ರ, ಅದನ್ನೇ ನಂಬಿ ಕೂರಬೇಡಿ.

ಚಾರ್ಜ್ ಮಾಡುವಾಗ ವೋಲ್ಟೇಜ್ ಎಷ್ಟಿರಬೇಕು ಅನ್ನುವ ಲೆಕ್ಕ 25 ಡಿಗ್ರಿಗೆ ಹೀಗೆ. ದ್ರವದ ಬ್ಯಾಟರಿಗೆ 14.4, ಕ್ಯಾಲ್ಸಿಯಂ ಪ್ಲೇಟಿನದಕ್ಕೆ 14.8ರವರೆಗೆ. ಎಜಿಎಂಗೆ 14.4ರಿಂದ 14.7. ಜೆಲ್ (ಆಸಿಡ್ ಗಂಜಿಯಂತೆ ಗಟ್ಟಿಯಾಗಿರುವುದು) ಇದ್ದರೆ 14.1ರಿಂದ 14.4, ಮುಂದಕ್ಕೆ ಬೇಡ. ತುಂಬಿದ ಮೇಲೆ ಹಾಗೇ ಹಚ್ಚಿಡುವುದಾದರೆ 13.5ರ ಆಸುಪಾಸು. ನಮ್ಮ ಕಡೆ ಮುಖ್ಯವಾದದ್ದು ಶೆಖೆ. 25ರ ಮೇಲಿನ ಡಿಗ್ರಿ ಒಂದಕ್ಕೆ ಸುಮಾರು 0.02 ವೋಲ್ಟ್ ಇಳಿಸಬೇಕು. ಏಪ್ರಿಲ್‌ನಲ್ಲಿ ತಗಡಿನ ಶೆಡ್ಡಿನೊಳಗೆ 40 ಡಿಗ್ರಿ ಇದ್ದರೆ 14.7ರ ಬದಲು 14.4 ಸಾಕು. ಚಾರ್ಜರ್‌ನಲ್ಲಿ "ರಿಪೇರ್" ಅಥವಾ "ಈಕ್ವಲೈಸ್" ಬಟನ್ ಇದ್ದರೆ ಎಜಿಎಂಗೆ ಮುಟ್ಟಲೇಬೇಡಿ, ಅದು 15.5 ದಾಟಿಸುವಂಥದ್ದು.

ಮನೆಯಲ್ಲೇ ಹಚ್ಚುವುದಾದರೆ ವೋಲ್ಟೇಜ್ ಮಿತಿ ಇರುವ, ಎಜಿಎಂ ಮೋಡ್ ಇರುವ ಚಾರ್ಜರ್ ಬೇಕು. ಕರೆಂಟ್ ಬ್ಯಾಟರಿ ಸಾಮರ್ಥ್ಯದ ಹತ್ತನೇ ಒಂದು ಪಾಲು, 60ಕ್ಕೆ 6 ಆಂಪಿಯರ್. ಬಿಚ್ಚುವಾಗ ಹತ್ತರ ಪಾನಾದಿಂದ ಮೊದಲು ಮೈನಸ್, ಕೂಡಿಸುವಾಗ ಕೊನೆಗೆ ಮೈನಸ್. ಗಾಡಿಯಲ್ಲೇ ಇಟ್ಟು ಹಚ್ಚಿದರೆ ಕರಿ ಕ್ಲಿಪ್ಪನ್ನು ಮೈನಸ್ ಟರ್ಮಿನಲ್‌ಗಲ್ಲ, ಬಾಡಿಯ ಗಟ್ಟಿ ಬೋಲ್ಟಿಗೆ ಹಾಕಿ. ಟರ್ಮಿನಲ್ ಮೇಲೆ ಕೂತಿರುವ ಸಣ್ಣ ಸೆನ್ಸರ್ ಹಾಗೆ ಹಾಕಿದರೆ ಮಾತ್ರ ಚಾರ್ಜ್ ಎಷ್ಟು ಬಂತೆಂದು ಸರಿಯಾಗಿ ಎಣಿಸುವುದು. ಕಿಟಕಿ ತೆರೆದಿರಲಿ, ಬೀಡಿ-ಸಿಗರೇಟು ದೂರ ಇರಲಿ. ಚಾರ್ಜರ್ ತೆಗೆದ ತಕ್ಷಣ ಅಳೆದರೆ ಸುಳ್ಳು ವೋಲ್ಟೇಜ್ ತೋರಿಸುತ್ತದೆ. ನಾಲ್ಕು ತಾಸು ಬಿಟ್ಟು ನೋಡಿ. ದ್ರವದ್ದು 12.6, ಎಜಿಎಂ 12.8 ಅಥವಾ ಹೆಚ್ಚು ಇದ್ದರೆ ತುಂಬಿದೆ. 12.2 ಅಂದರೆ ಅರ್ಧ. ಅಷ್ಟರಲ್ಲೇ ವಾರಗಟ್ಟಲೆ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ.

ಎಂಜಿನ್ ಓಡುವಾಗ ಸಾಮಾನ್ಯ ಗಾಡಿಯಲ್ಲಿ 13.8ರಿಂದ 14.5 ಕಾಣಬೇಕು. ಹೊಸ ಗಾಡಿಗಳಲ್ಲಿ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಯಂತ್ರ) ಬೇಕೆಂದೇ 12.6ಕ್ಕೆ ಇಳಿಯುತ್ತದೆ. ಆಲ್ಟರ್ನೇಟರ್ ಕೆಟ್ಟಿದೆ ಎಂದು ಬಿಚ್ಚಿಸಬೇಡಿ. 15ರ ಮೇಲೆ ನಿಂತೇ ಇದ್ದರೆ ಮಾತ್ರ ಆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ನೋಡಿಸಿ.

ಆ ಕಾರಿಗೆ ಕೊನೆಗೆ ಎಜಿಎಂ ದುಬಾರಿಯೆಂದು ಸಾದಾ ಬ್ಯಾಟರಿ ಹಾಕಿಸಲು ಹೊರಟಿದ್ದರು. ಪ್ರತಿ ಸಿಗ್ನಲ್‌ಗೂ ಸೆಲ್ಫ್ ಹೊಡೆಯುವ ಗಾಡಿಯಲ್ಲಿ ಸಾದಾ ಬ್ಯಾಟರಿ ಬಹಳ ದಿನ ಬಾಳುವುದಿಲ್ಲ. ಎಜಿಎಂ ಇದ್ದಲ್ಲಿ ಎಜಿಎಂ, ಇಎಫ್‌ಬಿ ಇದ್ದಲ್ಲಿ ಇಎಫ್‌ಬಿ ಅಥವಾ ಎಜಿಎಂ. ಹೊಸದು ಕೂಡಿಸಿದ ಮೇಲೆ ಕೆಲವು ಗಾಡಿಗಳಿಗೆ ಸ್ಕ್ಯಾನರ್ ಹಚ್ಚಿ ಬ್ಯಾಟರಿ ಬದಲಾದ ಸುದ್ದಿ ಮುಟ್ಟಿಸಬೇಕು. ಇಲ್ಲದಿದ್ದರೆ ಹಳೆಯದೇ ಇದೆಯೆಂದುಕೊಂಡು ಹಳೆಯ ಲೆಕ್ಕದಲ್ಲೇ ಚಾರ್ಜ್ ಮಾಡುತ್ತಿರುತ್ತದೆ.