ಪಿಎಸ್5 (ಸೋನಿಯ ಗೇಮಿಂಗ್ ಯಂತ್ರ) ತಗೊಳ್ಳೋದಾ, ಅದರ ಗೇಮ್‌ಗಳು ಪಿಸಿಗೇ ಬರಲಿ ಅಂತ ಕಾಯೋದಾ?

ಬೆಳಗಾವಿಯ ಟಿಳಕವಾಡಿಯಲ್ಲಿರುವ ಚಿಕ್ಕಪ್ಪನ ಮಗ ಕೇಳಿದ: "ಅಣ್ಣಾ, ಸೋನಿ ಗೇಮ್ ಸ್ಟೀಮ್‌ಗೂ ಬರ್ತಾವಲ್ಲ, ಮತ್ತೆ ಪಿಎಸ್5 ಯಾಕೆ?"

ಸ್ಟೀಮ್ ಅಂದರೆ ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ. ಅಲ್ಲಿಗೆ ಹಲವು ಸೋನಿ ಗೇಮ್ ಬಂದಿವೆ, ಆದರೆ ಸಾಮಾನ್ಯವಾಗಿ ತಡವಾಗಿ. 'ಗಾಡ್ ಆಫ್ ವಾರ್' ಪಿಎಸ್5ಕ್ಕಿಂತ ಹಿಂದಿನ ಪಿಎಸ್4ಗೆ ಬಂದಿದ್ದು 2018ರಲ್ಲಿ, ಪಿಸಿಗೆ 2022ರಲ್ಲಿ. ಅದರ ಮುಂದಿನ ಭಾಗ 'ರಾಗ್ನರಾಕ್' ಬಿಡುಗಡೆಯಾಗಿ ಎರಡು ವರ್ಷದೊಳಗೇ ಪಿಸಿಗೂ ಬಂತು. 'ಹೆಲ್‌ಡೈವರ್ಸ್ 2' ಅಂತೂ 2024ರಲ್ಲಿ ಪಿಎಸ್5, ಪಿಸಿ ಎರಡಕ್ಕೂ ಒಂದೇ ದಿನ. ಕಾದರೆ ಸೇಲ್‌ನಲ್ಲಿ ಕಡಿಮೆಗೂ ಸಿಗುತ್ತದೆ.

ಆದರೆ ಪಿಸಿ ಗಟ್ಟಿ ಇರಬೇಕು. 'ರಾಗ್ನರಾಕ್' ಒಂದಕ್ಕೇ 190 ಜಿಬಿ ಜಾಗ ಬೇಕು. ತಮ್ಮನ 512 ಜಿಬಿ ಎಸ್ಎಸ್‌ಡಿಯಲ್ಲಿ ಅಕ್ಕನ ಮದುವೆ ವಿಡಿಯೋಗಳೇ ತುಂಬಿವೆ!

ಪಿಎಸ್5ಗೆ ಆ ತಲೆನೋವು ಕಡಿಮೆ. ಡಿಸ್ಕ್ ಹಾಕುವ ಮಾಡೆಲ್ ತಗೊಂಡರೆ, ಆಡಿ ಮುಗಿಸಿದ ಡಿಸ್ಕನ್ನು ಖಡೇಬಜಾರಿನ ಗೆಳೆಯನಿಗೆ ಕೊಟ್ಟು ಅವನದನ್ನು ತರಬಹುದು. ಸ್ಟೀಮ್‌ನಲ್ಲಿ ಕೊಂಡದ್ದನ್ನು ಮಾರೋಕಾಗಲ್ಲ.

ಎಕ್ಸ್‌ಬಾಕ್ಸ್? ಒಳ್ಳೆ ಪಿಸಿ ಇದ್ದರೆ ಸುಮ್ನೆ ಖರ್ಚು. ಮೈಕ್ರೋಸಾಫ್ಟ್ ತನ್ನ ಹೊಸ ಗೇಮ್‌ಗಳನ್ನು ಹೆಚ್ಚಾಗಿ ಅದೇ ದಿನ ಪಿಸಿಗೂ ಬಿಡುತ್ತದೆ. ಮಾರಿಯೋ ಬೇಕಂದ್ರೆ ನಿಂಟೆಂಡೊ ಕಂಪನಿಯ ಗೇಮಿಂಗ್ ಯಂತ್ರ ಸ್ವಿಚ್ಚೇ ಗತಿ.

ತಮ್ಮನಿಗೆ ನಾನು ಹೇಳಿದ್ದು: ಗ್ರಾಫಿಕ್ಸ್ ಕಾರ್ಡ್ ಆಗಲೇ ಇದೆ ಅಲ್ವಾ, ದೊಡ್ಡ ಎಸ್ಎಸ್‌ಡಿ ಹಾಕಿಸು, ಕಾಯ್ತಾ ಇರು. ಕಥೆ ಯಾರಾದರೂ ಮೊದಲೇ ಹೇಳಿಬಿಟ್ಟರೆ ಜಗಳಕ್ಕೆ ಬೀಳೋನಾದರೆ ಪಿಎಸ್5 ತಗೋ.